ಕೈಗೆಷ್ಟು ದೊಡ್ಡ ವಾಚು?

"ಇದು ಲೇಡೀಸ್ ವಾಚಲ್ವಾ ಮಾವಾ?"

ಅಕ್ಕನ ಮಗ ಹೀಗೆ ಕೇಳಿದಾಗ ನನ್ನ ಕೈಯಲ್ಲಿದ್ದದ್ದು ಗಂಡಸರ ವಾಚೇ. ಅವನ ಮದುವೆಗೆ ಸೋದರಮಾವನ ಲೆಕ್ಕದಲ್ಲಿ ಒಂದು ಒಳ್ಳೆಯ ವಾಚು ಕೊಡುವುದೆಂದು ನಿಶ್ಚಯಿಸಿದ್ದೆ. ದಿನಾ ಕಟ್ಟಿಕೊಂಡು ತೋಟಕ್ಕೆ ಹೋಗುವಂಥದ್ದಲ್ಲ. ಮದುವೆ, ಉಪನಯನ, ಸಭೆ ಎಂದು ಹೊರಟಾಗ ಕಟ್ಟುವ, ತೆಳ್ಳಗಿನ, ಚರ್ಮದ ಪಟ್ಟಿಯ ವಾಚು. ಡ್ರೆಸ್ ವಾಚ್ ಅನ್ನುತ್ತಾರಲ್ಲ, ಅದು. ಕಾಸರಗೋಡಿನ ಅಂಗಡಿಯಲ್ಲಿ ನಾನು ಆರಿಸಿದ್ದು 36 ಮಿಲಿಮೀಟರ್ ಅಡ್ಡಳತೆಯದ್ದು. ಅಂಗಡಿಯವರೂ ಅಳಿಯನ ಪಕ್ಷವೇ. "ಮಾಷೇ, ಈಗ ಎಲ್ಲರೂ ಕೇಳುವುದು 42, 44. ಇದನ್ನು ಗಂಡಸರು ತೆಗೆದುಕೊಳ್ಳುವುದು ಕಡಿಮೆ" ಎಂದರು.

ಏನೂ ಕೊಳ್ಳದೆ ಹಿಂದೆ ಬಂದೆವು. ಮನೆಗೆ ಬಂದವನೇ ಕಪಾಟಿನಿಂದ ಅಪ್ಪನ ಎಚ್.ಎಂ.ಟಿ. ಜನತಾ ತೆಗೆದು ಸ್ಕೇಲು ಇಟ್ಟು ನೋಡಿದೆ. 35 ಮಿಲಿಮೀಟರ್! ಗದ್ದೆಯಲ್ಲಿ ದುಡಿದ, ನನ್ನ ಎರಡು ಪಾಲು ದಪ್ಪ ಮಣಿಕಟ್ಟಿನ ಮನುಷ್ಯ ಜೀವಮಾನವಿಡೀ ಕಟ್ಟಿಕೊಂಡದ್ದು ಅಳಿಯನ ಲೆಕ್ಕದಲ್ಲಿ ಲೇಡೀಸ್ ವಾಚು. ಇದೇನು ಕತೆ ಎಂದು ಸ್ವಲ್ಪ ಹಿಂದೆ ಹೋಗಿ ನೋಡಿದರೆ ತಮಾಷೆಯಾಗಿ ಉಂಟು.

ನೂರಿಪ್ಪತ್ತು ವರ್ಷಗಳ ಹಿಂದೆ ಯುರೋಪಿನಲ್ಲಿ ಕೈಗೆ ಕಟ್ಟುವ ಗಡಿಯಾರವೆಂದರೇ ಹೆಂಗಸರದ್ದು, ಅದೊಂದು ಬಳೆಯ ಹಾಗೆ. ಗಂಡಸಿನ ಗಡಿಯಾರ ಇರಬೇಕಾದದ್ದು ಕಿಸೆಯಲ್ಲಿ, ಸರಪಳಿಯ ತುದಿಯಲ್ಲಿ. ನಮ್ಮ ಗಾಂಧೀಜಿಯವರ ಗಡಿಯಾರವೂ ಸೊಂಟದಲ್ಲಿ ತೂಗುತ್ತಿದ್ದ ಕಿಸೆ ಗಡಿಯಾರವೇ. ಬ್ರೆಜಿಲಿನ ವೈಮಾನಿಕ ಸಾಂತೋಸ್ ದ್ಯುಮೋಂಗೆ ವಿಮಾನ ನಡೆಸುತ್ತ ಕಿಸೆಗೆ ಕೈಹಾಕುವುದು ಕಷ್ಟವಾದ್ದರಿಂದ ಪ್ಯಾರಿಸಿನ ಕಾರ್ಟಿಯೇ 1904ರಲ್ಲಿ ಕೈಗೆ ಕಟ್ಟುವ ಗಡಿಯಾರ ಮಾಡಿಕೊಟ್ಟ ಎನ್ನುತ್ತಾರೆ. ಆದರೆ ಗಂಡಸರ ನಾಚಿಕೆಯನ್ನು ನಿಜವಾಗಿ ಬಿಡಿಸಿದ್ದು 1914ರಿಂದ 18ರ ಮಹಾಯುದ್ಧ. ಕಂದಕದಲ್ಲಿ ಬಂದೂಕು ಹಿಡಿದು ನಿಂತವನು ಕಿಸೆಯಿಂದ ಗಡಿಯಾರ ತೆಗೆಯುವುದು ಹೇಗೆ? ಸೈನಿಕನ ಕೈಗೆ ಬಂದ ಮೇಲೆ ಅದನ್ನು ಹೆಣ್ಣಿನದ್ದು ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಗಂಡಸರ ಅಂದದ ವಾಚುಗಳ ಅಳತೆ ನೋಡಿ. ಸ್ವಿಜರ್ಲೆಂಡಿನ ಪಟೆಕ್ ಫಿಲಿಪ್ ಕಂಪನಿ 1932ರಲ್ಲಿ ತಂದ ಕಲಾತ್ರಾವ ಎಂಬ ವಾಚನ್ನು ಇಂದಿಗೂ ಈ ಜಾತಿಗೆ ಮಾದರಿ ಎಂದು ಹೇಳುತ್ತಾರೆ. ಅದರ ಅಡ್ಡಳತೆ ಸುಮಾರು 31 ಮಿಲಿಮೀಟರ್ ಅಷ್ಟೆ. ನಮ್ಮ ಹತ್ತು ರೂಪಾಯಿಯ ನಾಣ್ಯ 27 ಮಿಲಿಮೀಟರ್. ಅದಕ್ಕಿಂತ ಸುತ್ತಲೂ ಎರಡೆರಡು ಮಿಲಿಮೀಟರ್ ಹೆಚ್ಚು. ಕೋಟಿನ ತೋಳು, ಅದರೊಳಗೆ ಬಿಗಿಯಾದ ಶರ್ಟಿನ ಕಫ್, ಅದರ ಕೆಳಗೆ ವಾಚು ಜಾರಿ ಹೋಗಬೇಕು. ಬೇಕಾದಾಗ ಇಣುಕಬೇಕು, ಇಲ್ಲದಿದ್ದರೆ ಕಾಣಬಾರದು. ಚಿಕ್ಕದು, ತೆಳ್ಳಗಿನದ್ದು ಎಂಬ ನಿಯಮ ಹುಟ್ಟಿದ್ದು ಆ ತೋಳಿನಿಂದ.

ದೊಡ್ಡ ವಾಚುಗಳು ಆಗ ಇರಲಿಲ್ಲವೆಂದಲ್ಲ. ಇಟೆಲಿಯ ನೌಕಾಪಡೆಯ ಮುಳುಗುಗಾರರಿಗೆ ಪನೆರಾಯ್ ಕಂಪನಿ ಮಾಡಿಕೊಟ್ಟದ್ದು 47 ಮಿಲಿಮೀಟರಿನದ್ದು, ನೀರಿನ ಕತ್ತಲೆಯಲ್ಲಿ ಕಾಣಬೇಕಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳ ದಾರಿಲೆಕ್ಕ ನೋಡುವವರದ್ದು ಬರೋಬ್ಬರಿ 55! ಅದನ್ನು ಕಟ್ಟುತ್ತಿದ್ದದ್ದು ದಪ್ಪ ಜಾಕೆಟಿನ ತೋಳಿನ ಮೇಲೆ. ಅವೆಲ್ಲ ಕೆಲಸದ ಉಪಕರಣಗಳು, ಬಡಗಿಯ ಉಳಿಯ ಹಾಗೆ. 2000ದ ಆಸುಪಾಸಿನಲ್ಲಿ ಈ ಉಪಕರಣಗಳೇ ಫ್ಯಾಶನ್ ಆದವು. ಸಿನಿಮಾ ನಟರ ಕೈಗೆ ಬಂದವು, ಅಲ್ಲಿಂದ ನಮ್ಮ ಕಾಸರಗೋಡಿನ ಗಾಜಿನ ಕಪಾಟಿಗೂ ಇಳಿದವು.

ನಮ್ಮ ದೇಶದ ಕತೆ ಬೇರೆಯೇ. 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಆರಂಭವಾದದ್ದು ಯಂತ್ರ ತಯಾರಿಸುವ ಯಂತ್ರಗಳಿಗಾಗಿ. ಅದೇ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಸಲು ತೊಡಗಿತು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿ ಆಗ ಐದು ವರ್ಷ. ರಾಜ್ಯ ಬದಲಾದರೂ ನಮ್ಮವರ ವಾಚು ಬೆಂಗಳೂರಿನದ್ದೇ ಆಯಿತು ಎನ್ನುವುದು ನನಗೊಂದು ಸಣ್ಣ ಸಂತೋಷ. ಜನತಾ, ಪೈಲಟ್, ಸೋನಾ, ಕಾಂಚನ್... ಹೆಸರು ಕೇಳಿದರೆ ಹಳಬರಿಗೆ ಕಿವಿ ನಿಮಿರುತ್ತದೆ. ಜನತಾದಲ್ಲಿ 17 ಜ್ಯೂವೆಲ್, ದಿನಾ ಬೆಳಗ್ಗೆ ಕೀ ಕೊಡಬೇಕು. ಒಳಗಿನ ಯಂತ್ರದ ಅಡ್ಡಳತೆ ಸುಮಾರು ಎರಡೂವರೆ ಸೆಂಟಿಮೀಟರ್. ಅದರ ಸುತ್ತ ಒಂದು ಗಟ್ಟಿ ಕವಚ ಹಾಕಿದರೆ 35ರ ಹತ್ತಿರ ಬಂದು ನಿಲ್ಲುತ್ತದೆ. ವಾಚಿನ ಗಾತ್ರವನ್ನು ಅದರ ಹೊಟ್ಟೆ ನಿಶ್ಚಯಿಸುತ್ತಿದ್ದ ಕಾಲ ಅದು. ಜಪಾನಿನ ಸೀಕೋ 1969ರಲ್ಲಿ ಬ್ಯಾಟರಿಯ ಕ್ವಾರ್ಟ್ಜ್ ವಾಚು ಮಾರಾಟಕ್ಕೆ ತಂದ ನಂತರ ಯಂತ್ರ ಚಿಕ್ಕದಾಗುತ್ತ ಬಂತು, ಕವಚ ಮಾತ್ರ ದೊಡ್ಡದಾಗುತ್ತ ಹೋಯಿತು! ಕೆಲವು ದೊಡ್ಡ ವಾಚುಗಳಲ್ಲಿ ತಾರೀಕಿನ ಕಿಂಡಿ ಅಂಚು ಬಿಟ್ಟು ನಡುವಿನ ಕಡೆಗೆ ಬಂದು ಕೂತಿರುವುದನ್ನು ನೋಡಿದ್ದೀರಾ? ಒಳಗೆ ಸಣ್ಣ ಯಂತ್ರ ಇದೆ ಎಂಬುದಕ್ಕೆ ಅದೇ ಗುರುತು.

ಎಪ್ಪತ್ತು ಎಂಬತ್ತರ ದಶಕದಲ್ಲಿ ನಮ್ಮ ಊರಿಗೆ ಇನ್ನೊಂದು ದಾರಿಯಿಂದ ವಾಚು ಬಂತು. ಗಲ್ಫಿಗೆ ಹೋದವರು ರಜೆಯಲ್ಲಿ ಬರುವಾಗ ಸೀಕೋ ಫೈವ್ ತರುತ್ತಿದ್ದರು. ಕೀ ಕೊಡುವುದು ಬೇಡ, ಕೈ ಆಡಿದರೆ ಸಾಕು. ವಾರ, ತಾರೀಕು ಎರಡೂ ತೋರಿಸುತ್ತದೆ. ಕೈಯಲ್ಲಿ ಸೀಕೋ ಇದ್ದವನಿಗೆ ಹೆಣ್ಣು ಕೊಡಲು ಎರಡು ಮನೆಯವರು ಹೆಚ್ಚು ಬರುತ್ತಿದ್ದರು ಎಂದು ಅಮ್ಮ ನಗುತ್ತಿದ್ದಳು. ಅಂಥ ಫಾರಿನ್ ವಾಚು ಕೂಡ ಸಾಮಾನ್ಯವಾಗಿ 36, 37 ಮಿಲಿಮೀಟರ್. ಆಗ ಯಾರೂ ಅದನ್ನು ಹೆಂಗಸರದ್ದು ಎನ್ನಲಿಲ್ಲ. ಹೆಂಗಸರಿಗೆ ಎಚ್.ಎಂ.ಟಿ.ಯ ಸುಜಾತಾ ಇತ್ತು, ನಾಣ್ಯಕ್ಕಿಂತ ಚಿಕ್ಕದು.

1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರಕಾರದ ಸಂಸ್ಥೆ ಸೇರಿ ಟೈಟನ್ ಕಟ್ಟಿದರು. ಕಾರ್ಖಾನೆ ಹೊಸೂರಿನಲ್ಲಿ, ಅಂದರೆ ನಮ್ಮ ಹಾಗೆಯೇ ಗಡಿಯಾಚೆ ಉಳಿದ ಕನ್ನಡಿಗರಿರುವ ಊರಿನಲ್ಲಿ. ಅಲ್ಲಿನವರು 2002ರಲ್ಲಿ ತಂದ ಎಡ್ಜ್ ವಾಚಿನ ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರ 1.15 ಮಿಲಿಮೀಟರ್! ಲೋಕವೆಲ್ಲ ದೊಡ್ಡದು, ದಪ್ಪದ್ದು ಎಂದು ಹೊರಟಿದ್ದಾಗ ಇವರು ತೆಳ್ಳಗೆ ಮಾಡಿದರು. ಎಚ್.ಎಂ.ಟಿ. ಮಾತ್ರ ಸೋಲುತ್ತ ಬಂತು. ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರ ಜನವರಿಯಲ್ಲಿ ಒಪ್ಪಿತು. ಲಾಲ್‌ಬಾಗಿನ ಹೂವಿನ ಗಡಿಯಾರ, ಏಳು ಮೀಟರ್ ಅಡ್ಡಳತೆಯದ್ದು, ಅದೂ ಎಚ್.ಎಂ.ಟಿ.ಯ ಕೊಡುಗೆಯೇ. ದೊಡ್ಡದು ಮಾಡಲು ಅವರಿಗೆ ಬರುತ್ತಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಚರಿತ್ರೆ ಹೇಳಿದರೆ ಅಳಿಯ ಕೇಳುವವನಲ್ಲ. ಆದಿತ್ಯವಾರ ಅವನನ್ನು ಕೂರಿಸಿ ಅಳತೆ ತೆಗೆದೆ. ಬಳೆ ಕೊಳ್ಳುವಾಗ ಹೆಂಗಸರು ಎರಡು-ನಾಲ್ಕು, ಎರಡು-ಆರು ಎಂದು ಕೈಯ ಅಳತೆ ಹೇಳಿಯೇ ಕೊಳ್ಳುತ್ತಾರೆ. ಗಂಡಸರು ವಾಚು ಕೊಳ್ಳುವುದು ಬರೀ ಕಣ್ಣಳತೆಯಲ್ಲಿ. ಅವನ ಮಣಿಕಟ್ಟಿನ ಸುತ್ತಳತೆ 16.5 ಸೆಂಟಿಮೀಟರ್, ಮೇಲ್ಭಾಗದ ಚಪ್ಪಟೆ ಅಗಲ 52 ಮಿಲಿಮೀಟರ್. ನೋಡಬೇಕಾದದ್ದು ಬರೀ ಅಡ್ಡಳತೆಯಲ್ಲ. ಪಟ್ಟಿ ಸಿಕ್ಕಿಸುವ ಕೊಂಬುಗಳ ತುದಿಯಿಂದ ತುದಿಗೆ ಎಷ್ಟು ಎಂದು. ಅವನು ಮೆಚ್ಚಿದ 42ರ ವಾಚಿಗೆ ಅದು 51. ಕೂತುಕೊಳ್ಳುತ್ತದೆ, ಆದರೆ ಎರಡೂ ಕಡೆ ಚರ್ಮವೇ ಕಾಣದು. ನಾನು ಆರಿಸಿದ್ದರದ್ದು 43. ದಪ್ಪ ಒಂದರದ್ದು 12, ಇನ್ನೊಂದರದ್ದು 7. ಮತ್ತೊಂದು ಲೆಕ್ಕ ಶಾಲೆಯ ಮಕ್ಕಳಿಗೆ ಮಾಡಿಸಬಹುದಾದದ್ದು: 36ಕ್ಕೂ 42ಕ್ಕೂ ವ್ಯತ್ಯಾಸ ಆರೇ ಮಿಲಿಮೀಟರ್, ಆದರೆ ಮುಖದ ವಿಸ್ತೀರ್ಣ ಶೇ. 36ರಷ್ಟು ಹೆಚ್ಚುತ್ತದೆ. ಕಣ್ಣಿಗೆ ದೊಡ್ಡದೆಂದು ಬಡಿಯುವುದು ಅದಕ್ಕೇ.

ಅವನು ಬಿಡಲಿಲ್ಲ. "ಮಾವಾ, ಮದುವೆಯ ದಿನ ನಾನು ಉಡುವುದು ಪಂಚೆ, ಶಾಲು. ಕಫ್ ಎಲ್ಲಿ ಉಂಟು?" ಎಂದ. ಮಾತು ಸರಿಯೇ! ಯುರೋಪಿನ ತೋಳಿಗೆ ಹುಟ್ಟಿದ ನಿಯಮವನ್ನು ಬರಿಗೈಯ ಮದುಮಗನಿಗೆ ನಾನು ಹೇಳುತ್ತಿದ್ದೆ. ಆದರೆ ಸಂಜೆಯ ರಿಸೆಪ್ಷನಿಗೆ ಕೋಟು ಹೊಲಿಸಿದವನೂ ಅವನೇ ಅಲ್ಲವೇ?

ಕೊನೆಗೆ, ನಾಲ್ಕು ದಿನ ಅಜ್ಜನ ಜನತಾ ಕಟ್ಟಿ ನೋಡು, ಆಮೇಲೆ ಹೇಳು ಎಂದು ಕೊಟ್ಟೆ. ಆ ದಿನಗಳಲ್ಲಿ ನಾನು ಸೀತಾಂಗೋಳಿ ಪೇಟೆಯಲ್ಲಿ ಕುಂಬಳೆ ಬಸ್ಸು ಕಾಯುವಾಗಲೆಲ್ಲ ಜನರ ಕೈಗಳನ್ನೇ ನೋಡುತ್ತಿದ್ದೆ. ಎಚ್.ಎ.ಎಲ್. ಘಟಕಕ್ಕೆ ಹೋಗುವ ಹುಡುಗರ ಕೈಯಲ್ಲಿ ದೊಡ್ಡ ಸ್ಮಾರ್ಟ್ ವಾಚು, ಹಳಬರ ಕೈಯಲ್ಲಿ ಪಟ್ಟಿ ಹರಿದ ಹಳೆಯ ವಾಚು, ಹೆಚ್ಚಿನವರ ಕೈ ಖಾಲಿ. ಸಮಯ ಕೇಳಿದರೆ ಕಿಸೆಗೆ ಕೈಹಾಕಿ ಮೊಬೈಲು ತೆಗೆಯುತ್ತಾರೆ. ಮತ್ತೆ ಕಿಸೆ ಗಡಿಯಾರ!

ಐದನೆಯ ದಿನ ಅಳಿಯ ಬಂದ. ಮೊದಲ ಎರಡು ದಿನ ಕೈ ಖಾಲಿ ಅನಿಸಿತಂತೆ. ಮೂರನೆಯ ದಿನ ಆಫೀಸಿನಲ್ಲಿ ಯಾರೋ "ಎಲ್ಲಿ ಸಿಕ್ಕಿತು ಇದು?" ಎಂದು ಕೇಳಿದರಂತೆ. ನಾಲ್ಕನೆಯ ದಿನ ತನ್ನ 44ರ ವಾಚನ್ನು ಮತ್ತೆ ಕಟ್ಟಿದರೆ ಕೈಗೆ ತಟ್ಟೆ ಕಟ್ಟಿದ ಹಾಗಾಯಿತಂತೆ. "ಅಜ್ಜನದ್ದೇ ಇರಲಿ ಮಾವಾ, ನನಗೆ ಬೇರೆ ಬೇಡ" ಎಂದ. ಅದನ್ನು ಕೊಡಲು ನನಗೆ ಮನಸ್ಸಿಲ್ಲ. ನನ್ನ ಕಾಲದ ನಂತರ ಅವನಿಗೇ ಎಂದು ಹೇಳಿ ಮತ್ತೆ ಕಾಸರಗೋಡಿಗೆ ಕರೆದುಕೊಂಡು ಹೋದೆ. 36ರದ್ದೇ ತಂದೆವು. ಪಟ್ಟಿ ಸ್ವಲ್ಪ ಸಡಿಲವಾಗಿತ್ತು, ಅಂಗಡಿಯವರು ಒಂದು ತೂತು ಹೆಚ್ಚು ಹೊಡೆದು ಕೊಟ್ಟರು.