ಬೆಳಕನ್ನು ಇಳಿಸುವ ಬೆಲೆ

ನಮ್ಮ ಸಣ್ಣ ರಂಗಗಳ ಬೆಳಕಿನ ಕಥೆಯನ್ನು ಸಾಮಾನ್ಯವಾಗಿ ಪ್ರಖರತೆಯ ಕಥೆಯಾಗಿಯೇ ಹೇಳುತ್ತಾರೆ. ಎಣ್ಣೆಯ ದೀವಟಿಗೆ ಹೋಗಿ ಗ್ಯಾಸ್‌ಲೈಟು ಬಂತು, ಗ್ಯಾಸ್‌ಲೈಟು ಹೋಗಿ ಕರೆಂಟು ಬಂತು, ಬಲ್ಬಿನ ಜಾಗಕ್ಕೆ ಹ್ಯಾಲೊಜನ್ ಬಂತು, ಈಗ ಎಲ್‌ಇಡಿ. ಒಂದಕ್ಕಿಂತ ಒಂದು ಹೆಚ್ಚು ಬೆಳಕು, ಒಂದಕ್ಕಿಂತ ಒಂದು ಕಡಿಮೆ ಖರ್ಚು. ಇದರಲ್ಲಿ ಸುಳ್ಳೇನಿಲ್ಲ, ಆದರೆ ನಾಟಕಕ್ಕೆ ಬೇಕಾದ ಮುಖ್ಯ ಸಂಗತಿಯೇ ಇದರಲ್ಲಿ ಬಿಟ್ಟುಹೋಗಿದೆ. ರಂಗದ ಮೇಲೆ ಒಂದಿಷ್ಟು ಬೆಳಕು ತರುವುದು ಯಾವ ಕಾಲದಲ್ಲೂ ಬಡ ತಂಡಗಳಿಗೆ ಅಸಾಧ್ಯವಾಗಿರಲಿಲ್ಲ. ಕಷ್ಟವಾಗಿದ್ದದ್ದು ತಂದ ಬೆಳಕನ್ನು ಬೇಕಾದ ಗಳಿಗೆಯಲ್ಲಿ, ಬೇಕಾದಷ್ಟೇ ಇಳಿಸುವುದು. ನೂರು ವರ್ಷಗಳ ಕಾಲ ದೀಪ ಅಗ್ಗವಾಗಿತ್ತು, ದೀಪದ ಮೇಲಿನ ಹಿಡಿತ ದುಬಾರಿಯಾಗಿತ್ತು. ಎಲ್‌ಇಡಿ ಈ ಲೆಕ್ಕವನ್ನು ತಲೆಕೆಳಗು ಮಾಡಿದೆ. ಇದನ್ನು ಗಮನಿಸದೆ ಹಳೆಯ ಲೆಕ್ಕದಲ್ಲೇ ಹೊಸ ಲೈಟು ಕೊಳ್ಳುವ ತಂಡಗಳ ರಂಗ ಹಿಂದೆಂದಿಗಿಂತ ರಂಗುರಂಗಾಗಿ ಕಾಣುತ್ತದೆ, ನಟರ ಮುಖ ಮಾತ್ರ ಹಿಂದೆಂದಿಗಿಂತ ಕೆಟ್ಟದಾಗಿ ಕಾಣುತ್ತದೆ.

ಕರಾವಳಿಯ ಬಯಲಾಟದಿಂದ ಆರಂಭಿಸಬಹುದು. ಕರೆಂಟಿಲ್ಲದ ಕಾಲದ ರಂಗಸ್ಥಳದಲ್ಲಿ ಇಕ್ಕೆಲಗಳಲ್ಲಿ ದೀವಟಿಗೆ ಉರಿಯುತ್ತಿತ್ತು. ಜ್ವಾಲೆ ಹೆಚ್ಚುಕಡಿಮೆ ವೇಷಧಾರಿಯ ಮುಖದ ಎತ್ತರದಲ್ಲೇ ಇರುತ್ತಿದ್ದುದರಿಂದ ಬೆಳಕು ಬದಿಯಿಂದ ಬಂದು ಮೂಗು, ಹುಬ್ಬು, ಕಿರೀಟದ ಅಂಚುಗಳನ್ನು ಎತ್ತಿ ತೋರಿಸುತ್ತಿತ್ತು. ಮುಖವರ್ಣಿಕೆಯೂ ಈ ಬೆಳಕನ್ನು ನೆಚ್ಚಿಕೊಂಡೇ ಬೆಳೆದದ್ದು: ಅರದಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು ಇವೆಲ್ಲ ಎಣ್ಣೆದೀಪದ ಕೆಂಚು ಬೆಳಕಿನಲ್ಲಿ ಅರಳುವ ಬಣ್ಣಗಳು. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಪ್ರವೇಶಿಸುವಾಗ ದೊಂದಿಗೆ ರಾಳದ ಪುಡಿ ಎಸೆದರೆ ಬೆಂಕಿ ಭಗ್ಗನೆ ಎದ್ದು, ಮರುಕ್ಷಣದ ಕತ್ತಲೆ ಇನ್ನಷ್ಟು ಗಾಢವಾಗುತ್ತಿತ್ತು. ವೇಷಧಾರಿ ಜ್ವಾಲೆಯ ಹತ್ತಿರ ಬಂದರೆ ಮುಖ ಬೆಳಗುತ್ತಿತ್ತು, ಹಿಂದೆ ಸರಿದರೆ ಮಬ್ಬಾಗುತ್ತಿತ್ತು. ಅಂದರೆ ಬೆಳಕಿನ ಏರಿಳಿತ ಅವನ ಕಾಲಿನಲ್ಲೇ ಇತ್ತು, ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ.

ಗ್ಯಾಸ್‌ಲೈಟು ಕಿತ್ತುಕೊಂಡದ್ದು ಇದನ್ನೇ. ಆಸ್ಟ್ರಿಯಾದ ರಸಾಯನ ವಿಜ್ಞಾನಿ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ 1885ರಲ್ಲಿ ಗ್ಯಾಸ್‌ಲೈಟಿನೊಳಗೆ ಕಾದು ಬೆಳಗುವ ಬಲೆಗೆ, ಅಂದರೆ ಮ್ಯಾಂಟಲ್‌ಗೆ, ಪೇಟೆಂಟ್ ಪಡೆದ. ಜರ್ಮನಿಯ ಪೆಟ್ರೋಮ್ಯಾಕ್ಸ್ ನಮ್ಮ ಮದುವೆ ಮೆರವಣಿಗೆಗೂ ಆಟಕ್ಕೂ ಬಂದದ್ದು ಈ ಮ್ಯಾಂಟಲ್ ಹೊತ್ತುಕೊಂಡು. ಸೀಮೆಎಣ್ಣೆಯ ಆವಿಯಲ್ಲಿ ಸುಯ್ಯೆಂದು ಉರಿಯುವ ಒಂದು ದೀಪ ಐನೂರು ಮೇಣದ ಬತ್ತಿಗಳ ಬೆಳಕು ಕೊಡುತ್ತದೆ ಎಂಬ ಲೆಕ್ಕವಿತ್ತು. ಅದನ್ನು ಹಚ್ಚಲು ಸ್ಪಿರಿಟ್ ಸುರಿದು ಕಾಯಿಸಬೇಕು, ಪಂಪು ಹೊಡೆಯಬೇಕು. ಒಮ್ಮೆ ಹೊತ್ತಿದ ಮೇಲೆ ಅದನ್ನು ನಾಜೂಕಾಗಿ ಇಳಿಸುವ ಉಪಾಯವಿಲ್ಲ. ಅದನ್ನು ಮೇಲೆ ತೂಗುಹಾಕಿದಾಗ ಕಿರೀಟದ ನೆರಳು ಕಣ್ಣಿನ ಮೇಲೆಯೇ ಬಿತ್ತು. ಹೆಚ್ಚು ಜನರಿಗೆ ಆಟ ಕಂಡಿತು, ಅದು ಸಣ್ಣ ಲಾಭವಲ್ಲ. ಆದರೆ ಬೆಳಗಿನ ಜಾವದವರೆಗೆ ಒಂದೇ ಮಟ್ಟದ ಬಿಳಿ ಬೆಳಕು ನಿಂತಿತು, ಪ್ರಸಂಗ ಯಾವುದೇ ಇರಲಿ, ರಸ ಯಾವುದೇ ಇರಲಿ.

ಹಾಗಾದರೆ ದೀವಟಿಗೆಗೇ ಮರಳೋಣ ಎನ್ನುವವರಿದ್ದಾರೆ. ಸಂಪ್ರದಾಯದ ಮೇಲಿನ ಅವರ ಪ್ರೀತಿ ನಿಜವಾದದ್ದು, ಆದರೆ ವಾದ ನಿಲ್ಲುವುದಿಲ್ಲ. ಹೊಗೆ, ಬೆಂಕಿಯ ಭಯ, ಎಣ್ಣೆಯ ಖರ್ಚು ಇವಿಷ್ಟೇ ಅಲ್ಲ, ಹಿಂದೆ ಕುಳಿತವರಿಗೆ ಮುಖವೇ ಕಾಣದಿರುವ ತೊಂದರೆಯೂ ಅದರಲ್ಲಿತ್ತು. ದೀವಟಿಗೆಯಿಂದ ಕಲಿಯಬೇಕಾದದ್ದು ಜ್ವಾಲೆಯನ್ನಲ್ಲ. ಬದಿಯಿಂದ ಬರುವ, ಬೆಚ್ಚನೆಯ ಬಣ್ಣದ, ಏರಿಳಿಯುವ ಬೆಳಕು ಮುಖಕ್ಕೆ ಒಪ್ಪುತ್ತದೆ ಎಂಬುದನ್ನು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ 1932ರಲ್ಲಿ ಬರೆದ ಪುಸ್ತಕದಲ್ಲಿ ನಟನ ಮುಖಕ್ಕೆ ಎಡಬಲಗಳಿಂದ ಓರೆಯಾಗಿ ಎರಡು ದೀಪ ಬೇಕು, ಒಂದು ಬೆಚ್ಚಗಿನದು, ಒಂದು ತಂಪಿನದು ಎಂಬ ಕ್ರಮವನ್ನು ಕೊಟ್ಟ. ಎರಡು ದೊಂದಿಗಳ ನಡುವೆ ಕುಣಿದವರಿಗೆ ಅದರ ಅರ್ಧ ಭಾಗವನ್ನು ವಿವರಿಸುವ ಅಗತ್ಯವಿರಲಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಮೈಸೂರು ಸೀಮೆ ಮುಂದಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟುವ ಹೊತ್ತಿಗೆ ಊರಿನ ಬೀದಿದೀಪಕ್ಕೆ ನಾಲ್ಕು ವರ್ಷವಾಗಿತ್ತಷ್ಟೆ. ವೃತ್ತಿ ಕಂಪನಿಗಳು ಈ ಹೊಸ ಶಕ್ತಿಯನ್ನು ಬೆರಗಿಗೆ ಬಳಸಿಕೊಂಡವು. ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ ಬೇಡುತ್ತಿದ್ದದ್ದು ಝಗಮಗಿಸುವ ಬೆಳಕನ್ನು, ಟಿಕೆಟ್ಟಿನ ಹಣದಲ್ಲಿ ಅದು ದಕ್ಕುತ್ತಿತ್ತು ಕೂಡ. ಸಮಸ್ಯೆ ಇದ್ದದ್ದು ಹವ್ಯಾಸಿಗಳಿಗೆ. ಮನೆಯೊಳಗಿನ ಮಾತುಕತೆ, ಸಣ್ಣ ನಗು, ಒಳಗಿನ ನೋವು ಇವನ್ನು ತೋರಿಸಲು ಹೊರಟವರ ಕೈಯಲ್ಲಿದ್ದದ್ದು ಬರೀ ಸ್ವಿಚ್ಚು. ಬಲ್ಬಿಗೆ ಕೆಲವೇ ಆಣೆ, ಆದರೆ ಅದನ್ನು ನಿಧಾನವಾಗಿ ಇಳಿಸುವ ತಂತಿಸುರುಳಿಯ ಡಿಮ್ಮರ್ ವಿದೇಶದಿಂದ ಬರಬೇಕು.

ಉಪ್ಪುನೀರಿನ ಡಿಮ್ಮರ್ ರೂಢಿಗೆ ಬಂದದ್ದು ಈ ಅಭಾವದಲ್ಲಿ. ಜೇಡಿಮಣ್ಣಿನ ಕೊಳವೆಯಲ್ಲೋ ಜಾಡಿಯಲ್ಲೋ ಉಪ್ಪು ಕದಡಿದ ನೀರು, ತಳದಲ್ಲಿ ಒಂದು ಲೋಹದ ತಗಡು, ಮೇಲಿಂದ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಇನ್ನೊಂದು ತಗಡು. ಹಗ್ಗ ಸಡಿಲಿಸಿದರೆ ತಗಡುಗಳು ಹತ್ತಿರವಾಗಿ ದೀಪ ಬೆಳಗುತ್ತದೆ, ಎಳೆದರೆ ಮಂಕಾಗುತ್ತದೆ. ನೀರು ಕಾಯುತ್ತದೆ, ಕುದಿಯಲೂಬಹುದು. ನೀರು ಆವಿಯಾದಂತೆ ಉಪ್ಪಿನ ಹದ ಬದಲಾಗಿ, ಮೊದಲ ಅಂಕದಲ್ಲಿ ಸಿಕ್ಕ ಮಟ್ಟ ಮೂರನೆಯ ಅಂಕದಲ್ಲಿ ಸಿಗುವುದಿಲ್ಲ. ತೆರೆದ ನೀರಿನಲ್ಲಿ ಕರೆಂಟು ಹರಿಯುವಾಗ ಪಕ್ಕದಲ್ಲಿ ಕುಳಿತವನ ಜೀವಕ್ಕೂ ಖಾತ್ರಿಯಿರಲಿಲ್ಲ. ಹಾಗಿದ್ದೂ ಇಂಗ್ಲೆಂಡಿನಿಂದ ಹಿಡಿದು ಭಾರತದವರೆಗೆ ಹವ್ಯಾಸಿಗಳು ಇದನ್ನು ಬಳಸಿದರು. ಬೆಳಕನ್ನು ಇಳಿಸುವ ಸಾಮರ್ಥ್ಯಕ್ಕಾಗಿ ಅವರು ತೆರಲು ಸಿದ್ಧರಿದ್ದ ಬೆಲೆಗೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ. ಇನ್ನೊಂದು ಸಾಕ್ಷ್ಯ ಕೋಲ್ಕತ್ತದ್ದು. 1959ರಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕ ಮಿನರ್ವಾ ರಂಗಮಂದಿರದಲ್ಲಿ ಬಂದಾಗ, ಕಲ್ಲಿದ್ದಲ ಗಣಿಗೆ ನೀರು ನುಗ್ಗಿ ಕಾರ್ಮಿಕರು ಮುಳುಗುವ ದೃಶ್ಯವನ್ನು ಬೆಳಕಿನ ವಿನ್ಯಾಸಕ ತಾಪಸ್ ಸೇನ್ ಕೇವಲ ಬೆಳಕಿನಿಂದ ಕಟ್ಟಿದರು. ಅಲ್ಲಿ ಗೆದ್ದದ್ದು ವ್ಯಾಟುಗಳ ಸಂಖ್ಯೆಯಲ್ಲ, ಎಲ್ಲಿ ಬೆಳಕು ಬೀಳಬಾರದು ಎಂಬುದರ ಮೇಲಿದ್ದ ಹಿಡಿತ.

1957ರಲ್ಲಿ ಥೈರಿಸ್ಟರ್ ಎಂಬ ಅರೆವಾಹಕ ಸ್ವಿಚ್ಚು ಬಂದ ಮೇಲೆ ಡಿಮ್ಮರ್ ಸಣ್ಣದಾಯಿತು, ಹಗುರವಾಯಿತು. ಆದರೆ ಆ ಹೊತ್ತಿಗೆ ದೀಪಗಳೇ ದೈತ್ಯವಾದವು. ಬಾಡಿಗೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದ ಪಾರ್ ಲೈಟು ಎಂಬ ರಂಗದೀಪ ಸಾವಿರ ವ್ಯಾಟಿನದು. ಹಳ್ಳಿ ಶಾಲೆಯ ಗೋಡೆಯಲ್ಲಿರುವ 15 ಆಂಪಿಯರಿನ ಪ್ಲಗ್ಗು 230 ವೋಲ್ಟಿನಲ್ಲಿ ಹೊರಬಲ್ಲದ್ದು 3,450 ವ್ಯಾಟು, ಅಂದರೆ ಮೂರು ಲೈಟು. ಒಂದು ನಾಟಕಕ್ಕೆ ಹನ್ನೆರಡು ಲೈಟು ಬೇಕೆಂದರೆ 52 ಆಂಪಿಯರು. ಜನರೇಟರ್, ದಪ್ಪ ಕೇಬಲ್ಲು, ಡಿಮ್ಮರ್ ಪೆಟ್ಟಿಗೆ, ಅವನ್ನು ಹೊರುವ ಗಾಡಿ, ಇವಿಲ್ಲದೆ ಅದು ಆಗದ ಮಾತು. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಮ್ 1985ರಿಂದ ‘ತಿರುಗಾಟ’ದ ಮೂಲಕ ನಾಟಕಗಳನ್ನು ಊರೂರಿಗೆ ಒಯ್ಯುತ್ತ ಬಂದದ್ದರ ಮಹತ್ವ ಈ ಲೆಕ್ಕ ಹಾಕಿದಾಗ ಇನ್ನಷ್ಟು ತಿಳಿಯುತ್ತದೆ. ಉಳಿದ ಕಡೆ, ಹಬ್ಬಕ್ಕೋ ಜಾತ್ರೆಗೋ ಪೌರಾಣಿಕ ನಾಟಕ ಆಡುವ ಊರುಗಳಲ್ಲಿ, ಡ್ರಾಮಾ ಸೀನರಿಯವರು ಪರದೆಗಳ ಜೊತೆ ತಂದ ದೀಪಗಳೇ ಗತಿ. ಟ್ಯೂಬ್‌ಲೈಟಿನ ಕೆಳಗೆ ಕೌರವನೂ ಕೃಷ್ಣನೂ ಒಂದೇ ರೀತಿ ಬಿಳಿಚಿಕೊಂಡು ನಿಂತರು. ಟ್ಯೂಬ್‌ಲೈಟು ಅಗ್ಗ, ಪ್ರಖರ, ಆದರೆ ಸಾಮಾನ್ಯ ಡಿಮ್ಮರಿಗೆ ಬಗ್ಗದ ದೀಪ. ಪೆಟ್ರೋಮ್ಯಾಕ್ಸಿನ ಕಥೆಯೇ ಮತ್ತೊಮ್ಮೆ ನಡೆಯಿತು.

ಈಗ ಎಲ್‌ಇಡಿಗೆ ಬರೋಣ. 1993ರಲ್ಲಿ ಜಪಾನಿನ ಶುಜಿ ನಕಮುರಾ ಪ್ರಖರ ನೀಲಿ ಎಲ್‌ಇಡಿ ಮಾಡಿದ ಮೇಲೆಯೇ ಕೆಂಪು, ಹಸಿರು, ನೀಲಿ ಬೆರೆಸಿ ಬೇಕಾದ ಬಣ್ಣ ಪಡೆಯುವ ದಾರಿ ತೆರೆಯಿತು. ನೀಲಿ ಎಲ್‌ಇಡಿಗಾಗಿ ಅವರಿಗೂ ವಿಜ್ಞಾನಿಗಳಾದ ಅಕಾಸಾಕಿ, ಅಮಾನೊ ಅವರಿಗೂ 2014ರಲ್ಲಿ ನೊಬೆಲ್ ಸಿಕ್ಕಿತು. ಅದೇ ಹೊತ್ತಿಗೆ ಬೆಲೆ ಕುಸಿಯಿತು. ನಮ್ಮ ಸರ್ಕಾರದ ಸಗಟು ಖರೀದಿಯಲ್ಲಿ 2014ರಲ್ಲಿ 310 ರೂಪಾಯಿ ಇದ್ದ ಮನೆಬಲ್ಬು 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ರಂಗದ ಲೈಟಿನಲ್ಲಿ ಬೆಲೆಗಿಂತ ದೊಡ್ಡ ಬದಲಾವಣೆ ಬೇರೊಂದಿದೆ: ಡಿಮ್ಮರ್ ಈಗ ದೀಪದ ಹೊಟ್ಟೆಯಲ್ಲೇ ಇದೆ. ಮೂರು ವ್ಯಾಟಿನ 54 ಕಣ್ಣುಗಳಿರುವ ಸಾಧಾರಣ ಎಲ್‌ಇಡಿ ಪಾರ್ ಲೈಟಿನ ಹೆಸರಿನ ವ್ಯಾಟು 162, ನಿಜವಾಗಿ ಎಳೆಯುವುದು ಬಹುಪಾಲು ಅದಕ್ಕಿಂತ ಕಡಿಮೆ. ಹನ್ನೆರಡು ಲೈಟೂ ಸೇರಿ ಶಾಲೆಯ ಅದೇ ಒಂದು ಪ್ಲಗ್ಗಿನಲ್ಲಿ ಉರಿಯುತ್ತವೆ. ಲೈಟುಗಳನ್ನು ದೂರದಿಂದ ನಿಯಂತ್ರಿಸಲು 1986ರಲ್ಲಿ ರೂಪುಗೊಂಡ ಡಿಎಂಎಕ್ಸ್ ಸಂಕೇತ ಒಂದೇ ಕೇಬಲ್ಲಿನಲ್ಲಿ 512 ಚಾನೆಲ್ಲುಗಳನ್ನು ಒಯ್ಯುತ್ತದೆ. ಉಪ್ಪುನೀರಿನ ಕೊಳವೆಯ ಪಕ್ಕ ಹಗ್ಗ ಹಿಡಿದು ಕುಳಿತವರು ಕಂಡ ಕನಸು ಇಂದು ಅತಿ ಅಗ್ಗದ ಲೈಟಿನಲ್ಲೂ ಪುಕ್ಕಟೆ ಬರುತ್ತದೆ.

ಹಿಡಿತ ಅಗ್ಗವಾದಾಗ ದುಬಾರಿಯಾದದ್ದು ಬೆಳಕಿನ ಗುಣ. ಹಳೆಯ ಬಲ್ಬಿನ ಬೆಳಕಿನಲ್ಲಿ ನೇರಳೆಯಿಂದ ಕೆಂಪಿನವರೆಗೆ ಎಲ್ಲ ಬಣ್ಣಗಳೂ ಎಡೆಬಿಡದೆ ಇರುತ್ತಿದ್ದವು. ಕೆಂಪು, ಹಸಿರು, ನೀಲಿ ಎಲ್‌ಇಡಿ ಬೆರೆಸಿದ ಬಿಳುಪಿನಲ್ಲಿರುವುದು ಮೂರು ಚೂಪು ಶಿಖರಗಳು, ಹಸಿರಿಗೂ ಕೆಂಪಿಗೂ ನಡುವಿನ ಕಿತ್ತಳೆ ಛಾಯೆಯ ಜಾಗದಲ್ಲಿ ಒಂದು ಹಳ್ಳ. ನಮ್ಮ ಗೋಧಿ, ಕಂದು ಮೈಬಣ್ಣ ಬೆಳಕನ್ನು ಹೆಚ್ಚಾಗಿ ಪ್ರತಿಫಲಿಸಲು ಶುರುಮಾಡುವುದು ಸರಿಯಾಗಿ ಆ ಹಳ್ಳವಿರುವಲ್ಲಿ. ಹಾಗಾಗಿ ನಟನ ಮುಖ ಒಮ್ಮೆ ಗುಲಾಬಿಗೆ, ಒಮ್ಮೆ ಹಸಿರಿಗೆ ವಾಲುತ್ತದೆ. ಅಗ್ಗದ ಲೈಟಿನಲ್ಲಿ ಬೆಳಕು ಏರುವುದು ಸೊನ್ನೆಯಿಂದ 255ರವರೆಗಿನ ಮೆಟ್ಟಿಲುಗಳಲ್ಲಿ. ಕೆಳಗಿನ ಮೆಟ್ಟಿಲುಗಳಲ್ಲಿ ಒಂದರಿಂದ ಎರಡಕ್ಕೆ ಹೋದರೆ ಬೆಳಕು ಇಮ್ಮಡಿಯಾದಂತೆ, ಕಣ್ಣು ಅದನ್ನು ತಪ್ಪದೆ ಗುರುತಿಸುತ್ತದೆ. ದೃಶ್ಯ ಮೆಲ್ಲಗೆ ಕರಗಬೇಕಾದಲ್ಲಿ ದೀಪ ಜರ್ಕು ಹೊಡೆಯುತ್ತದೆ. ಬಲ್ಬು ಇಳಿಯುವಾಗ ತಾನಾಗಿಯೇ ಕೆಂಪಗಾಗುತ್ತಿತ್ತು, ಎಲ್‌ಇಡಿ ಇಳಿದರೂ ಬಣ್ಣ ಬದಲಿಸುವುದಿಲ್ಲ.

ಅನುಭವಿ ಬೆಳಕಿನ ವಿನ್ಯಾಸಕರು ಇದನ್ನೇ ಮುಂದಿಟ್ಟುಕೊಂಡು ಹ್ಯಾಲೊಜನ್ನೇ ಮೇಲು ಎನ್ನುತ್ತಾರೆ. 2018ರಲ್ಲಿ ಯುರೋಪಿನ ರಂಗಕರ್ಮಿಗಳು ರಂಗದೀಪಗಳನ್ನು ಇಂಧನ ಉಳಿತಾಯದ ಹೊಸ ನಿಯಮದಿಂದ ಹೊರಗಿಡಬೇಕೆಂದು ದೊಡ್ಡ ಅಭಿಯಾನವನ್ನೇ ನಡೆಸಿದರು. ದೊಡ್ಡ ರಂಗಮಂದಿರದ ಮಟ್ಟಿಗೆ ಅವರ ಮಾತು ನ್ಯಾಯವಾದದ್ದು. ಸಣ್ಣ ತಂಡಕ್ಕೆ ಮಾತ್ರ ಆ ಆಯ್ಕೆ ಕಾಗದದ ಮೇಲಷ್ಟೇ ಇತ್ತು. 52 ಆಂಪಿಯರು ಸಿಗದ ಕಡೆ ಹ್ಯಾಲೊಜನ್ನಿನ ಗುಣ ಹೊಗಳಿ ಪ್ರಯೋಜನವಿಲ್ಲ. ಇನ್ನೊಂದು ಆಕ್ಷೇಪ ಹಳ್ಳಿಯ ಪ್ರೇಕ್ಷಕರ ಹೆಸರಿನಲ್ಲಿ ಬರುತ್ತದೆ: ಜನಕ್ಕೆ ಬಣ್ಣ ಬೇಕು, ಮಿನುಗು ಬೇಕು. ಬೇಕು, ನಿಜ. ರಾಳದ ಬೆಂಕಿಗೆ ಮೈನವಿರೇಳಿಸಿಕೊಂಡವರೂ ಇದೇ ಜನ. ಆದರೆ ಆ ಬೆಂಕಿ ರಾತ್ರಿಯೆಲ್ಲ ಉರಿಯುತ್ತಿರಲಿಲ್ಲ, ಬಣ್ಣದ ವೇಷಕ್ಕೆ ಮೀಸಲಾಗಿತ್ತು. ಬಣ್ಣದ ಲೈಟು ಹಿನ್ನೆಲೆಗೆ, ಆಕಾಶಕ್ಕೆ, ಪರದೆಗೆ ಇರಲಿ, ಮಾತಾಡುವ ಮುಖಕ್ಕೆ ಬೇಡ. ಕೊಳ್ಳುವುದೇಕೆ, ಬಾಡಿಗೆಗೆ ತಂದರಾಯಿತಲ್ಲ ಎಂಬ ಪ್ರಶ್ನೆಯೂ ಇದೆ. ಬಾಡಿಗೆ ಅಂಗಡಿಯವರು ಮದುವೆಗೂ ಡಿಜೆಗೂ ಬೇಕಾದ್ದನ್ನು ಇಟ್ಟುಕೊಳ್ಳುತ್ತಾರೆ, ಅದು ಅವರ ವ್ಯಾಪಾರ, ತಪ್ಪಲ್ಲ. ನಾಟಕಕ್ಕೆ ಬೇಕಾದ ಲೈಟು ಅಲ್ಲಿ ಸಿಗದಿದ್ದರೆ ತಾಲ್ಲೂಕಿನ ಮೂರ್ನಾಲ್ಕು ತಂಡಗಳು ಸೇರಿ ಕೊಂಡು ಹಂಚಿಕೊಳ್ಳುವುದೇ ಮೇಲು.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬರೆದಿರುವ 50,000 ಗಂಟೆಗಳ ಆಯುಷ್ಯಕ್ಕೂ ಬಣ್ಣಗಳ ಸಂಖ್ಯೆಗೂ ಮರುಳಾಗಬಾರದು. ಸಾಮಾನ್ಯವಾಗಿ ಮೊದಲು ಕೈಕೊಡುವುದು ಒಳಗಿನ ಫ್ಯಾನು ಇಲ್ಲವೇ ಕರೆಂಟು ಹದಗೊಳಿಸುವ ಡ್ರೈವರು, ಎಲ್‌ಇಡಿಯಲ್ಲ. ಹತ್ತು ಲೈಟಿಗೆ ಹಣವಿದ್ದರೆ ಹತ್ತು ಬಣ್ಣದ ಲೈಟು ಕೊಳ್ಳುವ ಬದಲು ಬೆಚ್ಚನೆಯ ಬಿಳುಪಿನ, ಬಣ್ಣ ತೋರಿಸುವ ಗುಣಾಂಕ (ಸಿಆರ್‌ಐ) 90ರ ಮೇಲಿರುವ ನಾಲ್ಕು ಲೈಟುಗಳನ್ನು ಮೊದಲು ಕೊಂಡು ಎಡಬಲಗಳಿಂದ ಓರೆಯಾಗಿ ಮುಖಕ್ಕೆ ಹಾಕಿ. ಉಳಿದ ಹಣದಲ್ಲಿ ಎಷ್ಟು ಬಣ್ಣದ ಲೈಟು ಬಂದರೆ ಅಷ್ಟು ಹಿಂದಕ್ಕೆ. ಅಂಗಡಿಗೆ ಹೋಗುವಾಗ ತಂಡದ ಒಬ್ಬ ನಟರನ್ನು ಕರೆದುಕೊಂಡು, ಒಂದು ಅರಿಶಿನ ಬಣ್ಣದ ಬಟ್ಟೆಯನ್ನೂ ಹಿಡಿದುಕೊಂಡು ಹೋಗಿ. ಅಂಗಡಿಯ ಬೇರೆ ದೀಪಗಳನ್ನು ಆರಿಸಲು ಹೇಳಿ, ಆ ಮುಖದ ಮೇಲೂ ಬಟ್ಟೆಯ ಮೇಲೂ ಲೈಟನ್ನು ನಿಧಾನವಾಗಿ ಸೊನ್ನೆಯವರೆಗೆ ಇಳಿಸಿ ನೋಡಿ, ಮೊಬೈಲಿನಲ್ಲಿ ಚಿತ್ರೀಕರಿಸಿ ಪಟ್ಟೆಗಳು ಓಡುತ್ತವೆಯೇ ಪರೀಕ್ಷಿಸಿ, ಫ್ಯಾನಿನ ಸದ್ದು ಕೇಳಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಸಂಘದ ಹಣ ಸುರಿಯಬೇಡಿ.