ನಡುಗಡಲಲ್ಲಿ ರಿಪೇರಿ

ಹರಿಗೋಲು ಹರಿದರೆ ಅಂಬಿಗ ಗಾಬರಿಯಾಗುವುದಿಲ್ಲ. ದಡಕ್ಕೆಳೆದು ಬೋರಲು ಹಾಕುತ್ತಾನೆ, ಬಿಸಿಲಿಗೆ ಒಣಗಲು ಬಿಡುತ್ತಾನೆ, ಹರಿದಲ್ಲಿಗೊಂದು ತೇಪೆ ಇಟ್ಟು ಬಿಸಿ ಡಾಂಬರು ಬಳಿಯುತ್ತಾನೆ. ಸಂಜೆಗೆ ಅದು ಮತ್ತೆ ನೀರಿನಲ್ಲಿ. ಹೊಳೆನರಸೀಪುರದ ಹೇಮಾವತಿಯಲ್ಲಾಗಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿಯಲ್ಲಾಗಲಿ ದಡ ಕೂಗಳತೆಯಲ್ಲೇ ಇರುತ್ತದೆ. ಹಾಗಾಗಿ ಬಿದಿರ ಸೀಳು ಹೆಣೆದು, ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ಕನ್ನೂ ಹೊದಿಸುವ ಈ ಬುಟ್ಟಿದೋಣಿಗೆ ಬೇರೆ ಸಿದ್ಧತೆ ಬೇಕಿಲ್ಲ. ದಡ ಸಾವಿರ ಮೈಲಿ ಆಚೆಗಿದ್ದರೆ ಮಾತ್ರ ಕತೆ ಬೇರೆ. ತೇಪೆ, ಡಾಂಬರು, ಸೂಜಿ, ಹುರಿ, ಅನ್ನ, ನೀರು ಎಲ್ಲವನ್ನೂ ಹೊತ್ತುಕೊಂಡೇ ಹೊರಡಬೇಕು. ಹಾಯಿದೋಣಿಯನ್ನು ದೂರದ ಕಡಲಿಗೆ ಸಜ್ಜುಗೊಳಿಸುವ ವಿದ್ಯೆ ಶತಮಾನಗಳಿಂದ ಬೆಳೆದಿರುವುದು ಈ ಒಂದು ಪ್ರಶ್ನೆಯ ಸುತ್ತ: ಮುರಿದದ್ದನ್ನು ಅಲ್ಲೇ ಸರಿಮಾಡಿಕೊಳ್ಳಬಹುದೆ?

ಹಾಸನ ಜಿಲ್ಲೆಗೆ ಕಡಲಿಲ್ಲ. ಮಂಗಳೂರಿನ ಬಂದರು ಕಾಣಬೇಕೆಂದರೆ ಶಿರಾಡಿ ಘಾಟಿ ಇಳಿದು ಸುಮಾರು 170 ಕಿ.ಮೀ. ಹೋಗಬೇಕು. ಆದರೆ ಹಳೆಯ ಹಡಗಿಗೆ ಬೇಕಾದ ಸಾಮಾನಿನ ಪಟ್ಟಿ ಹಿಡಿದು ನಿಂತರೆ ಅರ್ಧ ಪಟ್ಟಿ ಘಟ್ಟದಲ್ಲೇ ಮುಗಿಯುತ್ತದೆ. ಹಲಗೆಗೆ ಹೆಬ್ಬಲಸು, ಸಾಗುವಾನಿ. ಸಂದು ಮುಚ್ಚಲು ಧೂಪದ ಮರದ ರಾಳ. ಮರಕ್ಕೆ ಬಳಿಯಲು ಹೊನ್ನೆಣ್ಣೆ. ಇದೇ ಎಣ್ಣೆಯ ಸುರಹೊನ್ನೆ ಈಗ ಹೊಂಗೆ, ಬೇವು, ಹಿಪ್ಪೆಗಳ ಜೊತೆ ಜೈವಿಕ ಇಂಧನದ ಗಿಡಗಳ ಸಾಲಿಗೆ ಸೇರಿದೆ. ಆ ಕೆಲಸಕ್ಕೆಂದೇ ಹಾಸನದ ಮಡೆನೂರಿನಲ್ಲಿ ಒಂದು ಉದ್ಯಾನವೂ ಇದೆ. ಇನ್ನು ಕೂವೆಮರ. ಹಾಯಿ ಕಟ್ಟುವ ಈ ಕಂಬಕ್ಕೆ ಗಂಟಿಲ್ಲದ, ನೇರವಾಗಿ ಬೆಳೆದ, ಬಾಗಿದರೂ ಮುರಿಯದ ಮರವೇ ಆಗಬೇಕು. ಹೊನ್ನೆಯ ಕುಲದ ಕಾಡುಮರವೊಂದನ್ನು ಬ್ರಿಟಿಷರು ‘ಪೂನ್ ಸ್ಪಾರ್’ ಎಂದು ಕರೆದು, ಕೊಡಗು ಮತ್ತು ಕೆನರಾದ ಕಾಡುಗಳಲ್ಲಿ ಇದಕ್ಕಾಗಿಯೇ ಹುಡುಕಿದರು.

ಪಟ್ಟಿಯ ಅತಿ ಮುಖ್ಯ ವಸ್ತು ಕತ್ತದ ಹುರಿ. ಅರಬ್ಬಿ ಸಮುದ್ರದ ಹಳೆಯ ಹಡಗುಗಳಿಗೆ ಮೊಳೆ ಇರಲಿಲ್ಲ. ಹಲಗೆಯ ಅಂಚಿಗೆ ಸಾಲಾಗಿ ತೂತು ಕೊರೆದು, ಸಂದಿನ ಮೇಲೆ ನಾರಿನ ದಿಂಡು ಕೂರಿಸಿ, ಒಳಗೊಬ್ಬ ಹೊರಗೊಬ್ಬ ಕುಳಿತು ಹುರಿ ಎಳೆದು ಹೊಲಿಯುತ್ತಿದ್ದರು. ಮೊಳೆಯ ಹಡಗು ನೋಡಿ ಬೆಳೆದ ಮಾರ್ಕೊ ಪೋಲೊ, ಹೋರ್ಮುಜಿನಲ್ಲಿ ಇಂಥವನ್ನು ಕಂಡು ಇವುಗಳಲ್ಲಿ ಹೋಗುವುದು ಅಪಾಯ ಎಂದು ಮೂಗು ಮುರಿದ. ಅವನು ಅವಸರಪಟ್ಟನೆನ್ನಬೇಕು. ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ನಾರು ಬಿಗಿಯುತ್ತದೆ. ಮರಳದಿಬ್ಬಕ್ಕೆ ಬಡಿದಾಗ ಮೊಳೆಯ ಹಲಗೆ ಸೀಳುತ್ತದೆ, ಹೊಲಿದದ್ದು ಚೂರು ಬಳುಕಿ ಉಳಿಯುತ್ತದೆ. ಸಡಿಲವಾದ ಹೊಲಿಗೆಯನ್ನು ಹುರಿ ಬಲ್ಲ ಯಾವನೂ ಬಿಚ್ಚಿ ಮತ್ತೆ ಹಾಕಬಲ್ಲ.

ಹಾಗೆಂದು ಎಲ್ಲ ನಾರೂ ಹಡಗಿಗೆ ಒದಗದು. ಚನ್ನರಾಯಪಟ್ಟಣದಂಥ ಬಯಲುಸೀಮೆಯ ತೆಂಗಿನ ನಾಡಿನಲ್ಲಿ ಬಲಿತ ಕಾಯಿಯ ಒಣಮಟ್ಟೆಯನ್ನು ಯಂತ್ರಕ್ಕೆ ಕೊಟ್ಟು ತೆಗೆಯುವುದು ಕಂದು ನಾರು. ಅದು ಹಾಸಿಗೆಗೆ, ಕಾಲೊರಸಿಗೆ ಸೈ. ಹೊಲಿಗೆಗೆ ಬೇಕಾದದ್ದು ಹಸಿಮಟ್ಟೆಯನ್ನು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ಕೈಯಲ್ಲೇ ಹೊಸೆದ ಬಿಳಿ ನಾರು. ಅದಕ್ಕೆ ಹೆಸರಾದದ್ದು ಲಕ್ಷದ್ವೀಪ. ಅಮಿನಿ, ಚೆಟ್ಲತ್, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದ ಹಾಯಿ ಓಡಗಳು ಹುರಿಯ ಸಿಂಬೆ ತುಂಬಿಕೊಂಡು ಮಂಗಳೂರಿಗೆ ಬಂದು, ಅಕ್ಕಿ ಹೇರಿಕೊಂಡು ಮರಳುತ್ತಿದ್ದವು.

ಮುಂದಿನ ಶತ್ರು ಹುಳು. ಉಷ್ಣವಲಯದ ಕಡಲಲ್ಲಿ ಹಡಗಿನ ತಳವನ್ನು ಒಳಗಿಂದಲೇ ಜರಡಿ ಮಾಡುವ ಮರಕೊರಕಕ್ಕೆ ಸುಣ್ಣ, ಕೊಬ್ಬು, ಮೀನೆಣ್ಣೆ ಕಲಸಿ ಮೆತ್ತುವುದೇ ಹಿಂದಿನ ಮದ್ದು. 1780ರ ಹೊತ್ತಿಗೆ ಬ್ರಿಟಿಷ್ ನೌಕಾಪಡೆ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಯತೊಡಗಿತು. ಸುದ್ದಿ ಶ್ರೀರಂಗಪಟ್ಟಣಕ್ಕೂ ಮುಟ್ಟಿತ್ತು. ಕರಾವಳಿಯಲ್ಲಿ ಹಡಗುಕಟ್ಟೆಗಳ ಯೋಜನೆ ಹಾಕಿದ ಟಿಪ್ಪು, ತನ್ನ ಹಡಗುಗಳಿಗೂ ತಾಮ್ರದ ತಳವೇ ಇರಲಿ ಎಂದು ಆಜ್ಞೆ ಮಾಡಿದ. 1799ರಲ್ಲಿ ಅವನೇ ಇಲ್ಲವಾದ. ಯೋಜನೆಯೂ ಅಲ್ಲಿಗೇ ನಿಂತಿತು.

ಇಲ್ಲಿಯವರೆಗಿನದು ಹತ್ತಾರು ಕಲಾಸಿಗಳಿದ್ದ ಹಡಗಿನ ಮಾತು. ಒಬ್ಬನೇ ಹೊರಟರೆ? 1895ರಲ್ಲಿ ಜೋಶುವಾ ಸ್ಲೋಕಮ್ ಹಾಗೆ ಹೊರಟು 1898ರಲ್ಲಿ ಭೂಮಿ ಸುತ್ತಿ ಬಂದ. ಗುಜರಿ ಸೇರಬೇಕಿದ್ದ ‘ಸ್ಪ್ರೇ’ ದೋಣಿಯನ್ನು 13 ತಿಂಗಳು ಕೂತು ತಾನೇ ಮರಳಿ ಕಟ್ಟಿದ್ದ. ಪ್ರತಿ ಹಲಗೆಯ ಗುಟ್ಟೂ ಅವನಿಗೆ ಗೊತ್ತಿತ್ತು. ಅವನ ಸಿದ್ಧತೆಯ ಮುಕ್ಕಾಲು ಪಾಲು ಅದೇ.

ಎರಡನೆಯ ದೊಡ್ಡ ಪಾಠಕ್ಕೆ ಮುಂಬೈಯ ನಂಟಿದೆ. ಮುಂಬೈಯಲ್ಲಿ ಸಾಗುವಾನಿಯಿಂದ ಕಟ್ಟಿದ 32 ಅಡಿಯ ‘ಸುಹೇಲಿ’ಯಲ್ಲಿ ರಾಬಿನ್ ನಾಕ್ಸ್-ಜಾನ್ಸ್‌ಟನ್ 1968ರ ಜೂನ್ 14ರಂದು ಇಂಗ್ಲೆಂಡಿನಿಂದ ಹೊರಟರು. ಕೆಲವೇ ವಾರಗಳಲ್ಲಿ ತಳದ ಸಂದಿನಿಂದ ನೀರು ಒಸರತೊಡಗಿತು. ಅವರು ಅಟ್ಲಾಂಟಿಕ್ ನಡುವೆ ನೀರಿಗಿಳಿದು, ಉಸಿರು ಬಿಗಿಹಿಡಿದು, ಸಂದಿಗೆ ಹತ್ತಿ ತುರುಕಲು ನೋಡಿದರು. ನಿಲ್ಲಲಿಲ್ಲ. ಮೇಲೆ ಬಂದು ಕ್ಯಾನ್ವಾಸಿನ ಪಟ್ಟಿ ಹೊಲಿದು, ಡಾರು ಮೆತ್ತಿ, ಅಂಚಿನುದ್ದಕ್ಕೂ ತಾಮ್ರದ ಮೊಳೆ ಸಿಕ್ಕಿಸಿಟ್ಟು ಮತ್ತೆ ಮುಳುಗಿದರು. ಒಂದೊಂದು ಉಸಿರಿಗೆ ಒಂದೆರಡು ಪೆಟ್ಟು. ಅದರ ಮೇಲೆ ತಾಮ್ರದ ಪಟ್ಟಿ. ನಡುವೆ ಶಾರ್ಕ್ ಬಂತು, ಅದನ್ನು ಬಂದೂಕಿನಿಂದ ಹೊಡೆದದ್ದೂ ಆಯಿತು. ಆಮೇಲೆ ರೇಡಿಯೊ ಕೆಟ್ಟಿತು, ಚುಕ್ಕಾಣಿಯನ್ನು ತಾನೇ ತಿರುಗಿಸುವ ಸಾಧನ ಮುರಿಯಿತು, ತೊಟ್ಟಿಯ ಕುಡಿಯುವ ನೀರು ಕೆಟ್ಟು ಮಳೆನೀರೇ ಗತಿಯಾಯಿತು. ಆದರೂ 312 ದಿನಗಳ ಬಳಿಕ ಎಲ್ಲೂ ನಿಲ್ಲದೆ ಒಬ್ಬಂಟಿಯಾಗಿ ಭೂಮಿ ಸುತ್ತಿದ ಮೊದಲಿಗರಾಗಿ ಊರು ಸೇರಿದರು. ತೇಪೆ, ಡಾರು, ಮೊಳೆ: ನಮ್ಮ ಅಂಬಿಗನ ಚೀಲದಲ್ಲಿ ಇದಕ್ಕಿಂತ ಹೆಚ್ಚೇನೂ ಇರುವುದಿಲ್ಲ.

ಭಾರತದ ಸರದಿ ಸೇನೆಯಿಂದ ಶುರುವಾಯಿತು. ಬ್ರಿಟನ್ನಿನಿಂದ ಕೊಂಡು ತಂದ ‘ತೃಷ್ಣಾ’ದಲ್ಲಿ ಸೇನೆಯ ಎಂಜಿನಿಯರುಗಳು 1985ರಿಂದ 87ರವರೆಗೆ ಭೂಮಿ ಸುತ್ತಿದರು. ದೋಣಿಯನ್ನೂ ಇಲ್ಲೇ ಕಟ್ಟಿ, ಒಬ್ಬನೇ ಸುತ್ತಿ ಬರಬೇಕೆಂಬ ಕನಸು ವೈಸ್ ಅಡ್ಮಿರಲ್ ಮನೋಹರ ಅವಟಿಯವರದು. ಅದಕ್ಕೆ ಮುಂದಾದ ನೌಕಾಪಡೆಯ ದಿಲೀಪ್ ದೊಂಡೆ ಮೊದಲು ಮಾಡಿದ ಕೆಲಸ ಗಮನಿಸಬೇಕು: 2006ರಲ್ಲಿ ಸ್ಪೇನಿಗೆ ಹೋಗಿ, ಮತ್ತೊಂದು ದೋಣಿ ಓಟದ ಸ್ಪರ್ಧೆಗೆ ಅಣಿಯಾಗುತ್ತಿದ್ದ ಅದೇ ನಾಕ್ಸ್-ಜಾನ್ಸ್‌ಟನ್ನರ ದೋಣಿಯಲ್ಲಿ ಕೈಯಾಳಾಗಿ ದುಡಿದರು. ಸಿದ್ಧತೆ ಹೀಗೆ ಕೈಯಿಂದ ಕೈಗೆ ದಾಟುವ ಕಸುಬು. ಗೋವಾದ ದಿವಾರ್ ದ್ವೀಪದಲ್ಲಿ ರತ್ನಾಕರ ದಾಂಡೇಕರ್ ಮರದ ತಿರುಳಿಗೆ ಗಾಜುನಾರಿನ ಕವಚ ತೊಡಿಸಿ 56 ಅಡಿಯ ‘ಮಾದೇಯಿ’ ಕಟ್ಟಿಕೊಟ್ಟರು. ದೊಂಡೆ 2009–10ರಲ್ಲಿ ನಾಲ್ಕು ಕಡೆ ನಿಂತು ಸುತ್ತಿದರು. ನೌಕಾಪಡೆಯವರೇ ಆದ ಅಭಿಲಾಷ್ ಟೋಮಿ 2012ರ ನವೆಂಬರಿನಲ್ಲಿ ಹೊರಟು 2013ರ ಮಾರ್ಚ್ ಕೊನೆಗೆ ಎಲ್ಲೂ ನಿಲ್ಲದೆ ಮುಂಬೈಗೆ ಮರಳಿದರು. ಅದೇ ಅಚ್ಚಿನ ‘ತಾರಿಣಿ’ಯಲ್ಲಿ 2017–18ರಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು, 2024–25ರಲ್ಲಿ ಇಬ್ಬರೇ, ದಿಲ್ನಾ ಮತ್ತು ರೂಪಾ, ಹೋಗಿಬಂದರು.

ಈ ತಲೆಮಾರಿನ ದೋಣಿಗಳಲ್ಲಿ ಸೌಲಭ್ಯಕ್ಕೆ ಕೊರತೆಯಿಲ್ಲ. ಸಮುದ್ರದ ನೀರನ್ನು ಸಿಹಿಯಾಗಿಸುವ ಯಂತ್ರ, ಸೌರಫಲಕ, ಉಪಗ್ರಹ ಫೋನು, ಹವಾಮಾನದ ನಕ್ಷೆ, ಚುಕ್ಕಾಣಿ ಹಿಡಿಯುವ ಆಟೊಪೈಲಟ್. ಊಟದಲ್ಲೂ ಅಂಥದೇ ಬದಲಾವಣೆ. ಒಂದು ಕಾಲಕ್ಕೆ ನಾವಿಕರ ವಸಡಿನಲ್ಲಿ ರಕ್ತ ಸುರಿಸುತ್ತಿದ್ದ ಸ್ಕರ್ವಿಗೆ ಹುಳಿಹಣ್ಣೇ ಮದ್ದೆಂದು ಜೇಮ್ಸ್ ಲಿಂಡ್ 1747ರಲ್ಲಿ ಹಡಗಿನಲ್ಲೇ ಪರೀಕ್ಷಿಸಿ ತೋರಿಸಬೇಕಾಯಿತು. ಈಗ ಉಪ್ಪಿಟ್ಟು, ಪಲಾವುಗಳೇ ತಿಂಗಳುಗಟ್ಟಲೆ ಕೆಡದೆ ಪೊಟ್ಟಣದಲ್ಲಿ ಕೂರುತ್ತವೆ. ಆ ವಿದ್ಯೆಯ ಮುಖ್ಯ ತವರುಗಳಲ್ಲೊಂದು 1961ರಲ್ಲಿ ಶುರುವಾದ ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯ. ಹಾಸನದ ಅಜ್ಜಿಯರ ಹುರಿಹಿಟ್ಟಿಗೂ ಇಂಥ ಪ್ರಯಾಣದ ಯೋಗ್ಯತೆ ಇದೆ ಎಂಬುದು ಈ ಲೇಖಕನ ಪಕ್ಷಪಾತ.

ಆದರೆ ಯಂತ್ರ ಹೆಚ್ಚಿದಷ್ಟೂ ಕೆಡುವ ವಸ್ತುಗಳ ಪಟ್ಟಿ ಉದ್ದವಾಗುತ್ತದೆ. ತಾರಿಣಿಯ ಚುಕ್ಕಾಣಿ ವ್ಯವಸ್ಥೆ 2018ರಲ್ಲಿ ಕೈಕೊಟ್ಟು, ಯೋಜನೆಯಲ್ಲಿಲ್ಲದ ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ಅದೇ ವರ್ಷ ಟೋಮಿ ಸುಹೇಲಿಯ ಪಡಿಯಚ್ಚಿನಂಥ ‘ತುರೀಯ’ದಲ್ಲಿ, 1968ರ ಕಾಲದ ಸಲಕರಣೆಗಳಷ್ಟೇ ಇರಬೇಕೆಂಬ ನಿಯಮದ ಓಟಕ್ಕಿಳಿದಿದ್ದರು. ಸೆಪ್ಟೆಂಬರ್ 21ರ ಬಿರುಗಾಳಿಗೆ ಕೂವೆ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ ಮಲಗಿದಲ್ಲೇ ಉಳಿದರು. ಅಲ್ಲಿ ಯಾವ ರಿಪೇರಿಯೂ ಸಾಧ್ಯವಿರಲಿಲ್ಲ. ಮೂರು ದಿನಗಳ ಬಳಿಕ ಫ್ರೆಂಚ್ ಹಡಗು ‘ಒಸಿರಿಸ್’ ಅವರನ್ನು ಎತ್ತಿಕೊಂಡಿತು. ಇಂಥ ಗಳಿಗೆಗೆಂದೇ ದೂರದ ಕಡಲಿಗಿಳಿಯುವ ಈಗಿನ ದೋಣಿಗಳಲ್ಲಿ ಉಪಗ್ರಹಕ್ಕೆ ಮೊರೆಯಿಡುವ ಪುಟ್ಟ ಬೀಕನ್ ಇರುತ್ತದೆ. ಭಾರತದ ಪಾಲಿನ ಕಡಲಿನಿಂದ ಬರುವ ಆ ಕರೆಗೆ ಕಿವಿಗೊಟ್ಟು ಕೂತಿರುವ ಕೇಂದ್ರ ಇರುವುದು ಕಡಲಿಲ್ಲದ ಬೆಂಗಳೂರಿನಲ್ಲಿ, ಇಸ್ರೊ ಅಂಗಳದಲ್ಲಿ. ಟೋಮಿ 2022ರಲ್ಲಿ ಅದೇ ಓಟಕ್ಕೆ ಮತ್ತೆ ಹೋಗಿ ಎರಡನೆಯವರಾಗಿ ಮುಗಿಸಿದರು.

ಈ ನಡುವೆ ಹುರಿಗೆ ಮತ್ತೆ ಕಾಲ ಬಂತು. 1980–81ರಲ್ಲಿ ಸಾಹಸಯಾನಿ ಟಿಮ್ ಸೆವೆರಿನ್ ಕೇರಳದ ಹೆಬ್ಬಲಸನ್ನು ಒಮಾನಿಗೆ ಒಯ್ದು, ಲಕ್ಷದ್ವೀಪದವರ ಕೈಯಲ್ಲಿ ಸುಮಾರು 640 ಕಿ.ಮೀ. ಉದ್ದದ ಕತ್ತದ ಹುರಿಯಿಂದ ‘ಸೊಹಾರ್’ ಹೊಲಿಸಿ ಚೀನಾ ಮುಟ್ಟಿದರು. ನಮ್ಮಲ್ಲಿ ಅದು ‘ಕೌಂಡಿನ್ಯ’ವಾಗಿ ಬಂತು. ಅಜಂತಾದ ಐದನೆಯ ಶತಮಾನದ, ಅಂದರೆ ಹೆಚ್ಚುಕಡಿಮೆ ಹಲ್ಮಿಡಿ ಶಾಸನದ ಕಾಲದ, ಹಡಗಿನ ಚಿತ್ರವೊಂದೇ ಆಧಾರ, ನಕ್ಷೆಯಿಲ್ಲ. ಕೇರಳದ ಬಾಬು ಶಂಕರನ್ ಮುಂದಾಳತ್ವದಲ್ಲಿ ಗೋವಾದಲ್ಲಿ ಹಲಗೆಗಳನ್ನು ಹಬೆಯಲ್ಲಿ ಬಗ್ಗಿಸಿ ಹೊಲಿದರು. ಸಂದಿಗೆ ರಾಳ, ಹತ್ತಿ, ಎಣ್ಣೆ. ನೀರಿನಲ್ಲಿ ಅದು ಹೇಗೆ ನಡೆದುಕೊಂಡೀತು ಎಂದು ಐಐಟಿ ಮದ್ರಾಸ್ ಪರೀಕ್ಷಿಸಿತು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಈ ಹಡಗಿಗೆ ಎಂಜಿನ್ ಇಲ್ಲ, ಮಲಗುವ ಕೋಣೆಯಿಲ್ಲ. ಚುಕ್ಕಾಣಿಯ ಬದಲು ಹುಟ್ಟುಗಳು. ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, ಖಿಚಡಿ ಉಪ್ಪಿನಕಾಯಿ ತಿಂದು, ತೆರೆದ ಅಟ್ಟದ ಮೇಲೆ ಮಲಗೆದ್ದು, ಅದರ ನಾವಿಕರು 2026ರ ಜನವರಿ 14ರಂದು ಮಸ್ಕತ್ ತಲುಪಿದರು. ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಕಲ್ಲಾಗಿ ಕೂತಿರುವ ಗಂಡಭೇರುಂಡವೇ ಆ ಹಡಗಿನ ಹಾಯಿಯ ಮೇಲೂ ಇತ್ತು, ಪಕ್ಕದಲ್ಲೊಬ್ಬ ಸೂರ್ಯನೊಂದಿಗೆ.