ಗೋಡೆಯಾಚೆಯ ಕುರಿಗಳು

ಹುಲ್ಲಿನ ಬಣವೆ ಕರಗಿಹೋದರೆ, ಕೊಳ್ಳೋಣವೆಂದರೆ ಬೆಲೆ ಕೈಗೆಟುಕದಿದ್ದರೆ, ಕುರಿಗೆ ಏನು ಹಾಕಬೇಕು? ಸೊಪ್ಪು, ಕಾಯಿ, ಕಳ್ಳಿ ಎಂದು ನೀವು ಹೇಳಬಹುದು. ಸಮುದ್ರವನ್ನೇ ಮೇಯಿಸಿದ ಊರೊಂದಿದೆ. ಅದರ ಕಥೆ ಕೇಳಿ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಸಮೂಹವಿದೆ. ಅದರ ಉತ್ತರದ ತುದಿಯಲ್ಲಿರುವ ಪುಟ್ಟ ದ್ವೀಪ ನಾರ್ತ್ ರೊನಾಲ್ಡ್ಸೆ. ವಿಸ್ತೀರ್ಣ ಸುಮಾರು 7 ಚದರ ಕಿಲೋಮೀಟರ್ ಮಾತ್ರ. ಹದಿನೆಂಟನೆಯ ಶತಮಾನದಲ್ಲಿ ಆರ್ಕ್ನಿಯ ಜನ ಕಡಲಕಳೆಯನ್ನು ಸುಟ್ಟು ಬೂದಿ ಮಾಡಿ ಮಾರುತ್ತಿದ್ದರು. ಗಾಜು ಮತ್ತು ಸಾಬೂನಿನ ತಯಾರಿಕೆಗೆ ಬೇಕಾದ ಸೋಡಾ ಆ ಬೂದಿಯಲ್ಲಿತ್ತು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಹೊರದೇಶದ ಸರಕು ಬರುವುದು ಕಷ್ಟವಾದಾಗ ಈ ಬೂದಿಗೆ ಒಳ್ಳೆಯ ಬೆಲೆ ಬಂತು. ಯುದ್ಧ ಮುಗಿಯಿತು, ಅಗ್ಗದ ಸರಕು ಮತ್ತೆ ಬಂತು, ಕಾರ್ಖಾನೆಗಳು ಉಪ್ಪಿನಿಂದಲೇ ಸೋಡಾ ತಯಾರಿಸತೊಡಗಿದವು. 1830ರ ಹೊತ್ತಿಗೆ ಬೂದಿಯ ವ್ಯಾಪಾರ ಕುಸಿಯಿತು.

ಈಗ ಉಳಿದದ್ದು ನೆಲ. ಅದು ಬೆಳೆಗೂ ದನಗಳಿಗೂ ಬೇಕಾಯಿತು. ಕುರಿಗೆ ಹುಲ್ಲು ಬಿಡುವ ಹಾಗಿರಲಿಲ್ಲ. 1832ರಲ್ಲಿ ದ್ವೀಪದ ಸುತ್ತ ಸುಮಾರು 21 ಕಿಲೋಮೀಟರ್ ಉದ್ದದ ಗೋಡೆ ಎದ್ದಿತು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ, ಆಳೆತ್ತರದ ಗೋಡೆ. ಒಳಗೆ ಹೊಲ, ಹೊರಗೆ ಕುರಿ ಮತ್ತು ಕಡಲು!

ಕುರಿಗಳು ಸತ್ತವೇ? ಇಲ್ಲ. ಇಳಿತದ ಹೊತ್ತಿನಲ್ಲಿ ಬಂಡೆಗಳ ಮೇಲಿಳಿದು ಕಡಲಕಳೆ ಮೇದವು, ಭರತದ ಹೊತ್ತಿನಲ್ಲಿ ಮಲಗಿ ಮೆಲುಕು ಹಾಕಿದವು. ಅವುಗಳ ಗಡಿಯಾರ ಸೂರ್ಯನಲ್ಲ, ಅಲೆ. ಬೇರೆ ಕಡೆ ಚಳಿಗಾಲದಲ್ಲಿ ರೈತ ಬಣವೆ ಬಿಚ್ಚುತ್ತಾನೆ. ಇಲ್ಲಿ ಬಿರುಗಾಳಿಯೇ ರಾಶಿ ರಾಶಿ ಕಳೆಯನ್ನು ದಡಕ್ಕೆ ತಂದು ಸುರಿಯುತ್ತದೆ. ಹಾಗಾಗಿ ಈ ಕುರಿಗಳು ಮೈತುಂಬಿಕೊಳ್ಳುವುದು ಚಳಿಗಾಲದಲ್ಲಿ. ಮರಿ ಹಾಕುವ ಕಾಲಕ್ಕೆ ಮಾತ್ರ ತಾಯಿಕುರಿಗಳನ್ನು ಗೋಡೆಯೊಳಗಿನ ಹುಲ್ಲಿಗೆ ಬಿಡುತ್ತಾರೆ.

ಈ ಅಭ್ಯಾಸ ಗೋಡೆಗಿಂತ ಬಹಳ ಹಳೆಯದು. ಆರ್ಕ್ನಿಯ ಇನ್ನೊಂದು ದ್ವೀಪದಲ್ಲಿ ಸಿಕ್ಕ ಸುಮಾರು 5000 ವರ್ಷ ಹಿಂದಿನ ಕುರಿಹಲ್ಲುಗಳಲ್ಲಿರುವ ಇಂಗಾಲದ ಐಸೊಟೋಪುಗಳನ್ನು ವಿಜ್ಞಾನಿಗಳು ಅಳೆದಿದ್ದಾರೆ. ಆ ಕುರಿಗಳೂ ಚಳಿಗಾಲದಲ್ಲಿ ಕಡಲಕಳೆ ತಿಂದಿದ್ದವು. ಚಳಿಗಾಲದ ಆಸರೆಯಾಗಿದ್ದುದನ್ನು 1832ರ ಗೋಡೆ ನಿತ್ಯದ ಊಟವನ್ನಾಗಿ ಮಾಡಿತು.

ಆದರೆ ಇದಕ್ಕೊಂದು ಬೆಲೆಯಿದೆ. ಕಡಲಕಳೆಯಿಂದ ದೇಹಕ್ಕೆ ದಕ್ಕುವ ತಾಮ್ರ ತೀರ ಕಡಿಮೆ. ಸಿಕ್ಕಷ್ಟನ್ನೂ ಬಿಡದೆ ಹೀರಿಕೊಳ್ಳುವ ಶಕ್ತಿ ಈ ತಳಿಗೆ ಬಂದಿದೆ. ಆದ್ದರಿಂದ ಬೇರೆ ಕುರಿಗೆ ಹಿತವಾದ ಹುಲ್ಲು ಇದಕ್ಕೆ ಹೆಚ್ಚಾದರೆ ತಾಮ್ರದ ವಿಷವೇರಬಹುದು. ಕುರಿಯಿಂದ ಹುಲ್ಲನ್ನು ಕಾಪಾಡಲು ಕಟ್ಟಿದ ಗೋಡೆ ಈಗ ಹುಲ್ಲಿನಿಂದ ಕುರಿಯನ್ನು ಕಾಪಾಡುತ್ತಿದೆ!

ಒಂದೇ ದಡವನ್ನು ನಂಬಿದ ತಳಿ ಒಂದು ತೈಲ ಸೋರಿಕೆಗೇ ನಾಶವಾದೀತು. ಆ ಭಯದಿಂದ 1974ರಲ್ಲಿ ಅಪರೂಪದ ತಳಿಗಳ ರಕ್ಷಣಾ ಸಂಸ್ಥೆಯೊಂದು ಲಿಂಗಾ ಹೋಮ್ ಎಂಬ ದ್ವೀಪವನ್ನು ಕೊಂಡು ಒಂದು ಹಿಂಡನ್ನು ಅಲ್ಲಿಗೆ ಸಾಗಿಸಿತು. ಗೋಡೆಯ ಚಿಂತೆ ಮಾತ್ರ ಉಳಿದಿದೆ. ಬಿರುಗಾಳಿ ಕಲ್ಲುಗಳನ್ನು ಉರುಳಿಸುತ್ತದೆ. ಎತ್ತಿಡಲು ಕೈಗಳು ಬೇಕು. 1881ರಲ್ಲಿ 500ಕ್ಕೂ ಹೆಚ್ಚಿದ್ದ ದ್ವೀಪದ ಜನಸಂಖ್ಯೆ 2011ರ ಜನಗಣತಿಯಲ್ಲಿ 72ಕ್ಕೆ ಇಳಿದಿತ್ತು. ಹೊರಗಿನ ಸ್ವಯಂಸೇವಕರೂ ಬಂದು ಕಲ್ಲು ಜೋಡಿಸಿದ್ದಾರೆ.

ಮೇವಿನ ಕೊರತೆಗೆ ಆ ಕುರಿಗಳು ಹೊಂದಿಕೊಂಡವು, ನಿಜ. ಆದರೆ ಒಮ್ಮೆ ಹೊಂದಿಕೊಂಡ ಮೇಲೆ ಹಿಂದಿರುಗುವ ದಾರಿ ಸುಲಭವಲ್ಲ. ಬರಗಾಲದಲ್ಲಿ ಹೊಸ ಮೇವು ಹುಡುಕುವಾಗ ‘ತಿನ್ನುತ್ತದೆಯೇ?’ ಎಂದು ಕೇಳಿದರೆ ಸಾಲದು. ‘ತಿಂದ ಮೇಲೆ ಏನಾಗುತ್ತದೆ?’ ಎಂದೂ ಕೇಳಬೇಕು. ಆ ಪ್ರಶ್ನೆ ಕೇಳುವವರು ನೀವಾಗಿರಿ.